ಇಡ್ಲಿ ಬಟ್ಟೆಗೆ ನೀಲಿ ಹಾಕಬಾರದು

ನನಗೊಂದು ಅಭ್ಯಾಸವಿದೆ. ಅದರ ದೆಸೆಯಿಂದ ನನ್ನ ಹೆಂಡತಿ ಸುಜಾತ ನೆಂಟರ ಮನೆಗಳಲ್ಲಿ ಎಷ್ಟೋ ಸಲ ತಲೆ ತಗ್ಗಿಸಿದ್ದಾಳೆ. ಯಾರಾದರೂ ತಿಂಡಿಯ ಡಬ್ಬಿಯನ್ನು ಮುಂದಿಟ್ಟರೆ, ಒಳಗೆ ಏನಿದೆ ಎಂದು ನೋಡುವ ಮೊದಲು ನಾನು ಡಬ್ಬಿಯನ್ನೆತ್ತಿ ಅದರ ತಳ ನೋಡುತ್ತೇನೆ. ಚಿಂತಾಮಣಿಯಲ್ಲಿರುವ ಅವಳ ಚಿಕ್ಕಮ್ಮನ ಮನೆಯಲ್ಲಿ ಹೀಗೆ ನೋಡಲು ಹೋಗಿ, ಸರಿಯಾಗಿ ಮುಚ್ಚಿರದ ಡಬ್ಬಿಯಿಂದ ನಿಪ್ಪಟ್ಟುಗಳೆಲ್ಲ ನನ್ನ ಮಡಿಲಿಗೆ ಬಿದ್ದವು. ಚಿಕ್ಕಮ್ಮ ಒಳ್ಳೆಯವರು. ಅಳಿಯನಿಗೆ ಹಸಿವು ತಡೆಯಲಾಗಲಿಲ್ಲ ಎಂದುಕೊಂಡು ಒಳಗಿನಿಂದ ಇನ್ನಷ್ಟು ತಂದು ಸುರಿದರು. ಅವತ್ತು ಮನೆಗೆ ಬರುವವರೆಗೂ ಸುಜಾತ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ನಾನು ಹುಡುಕುವುದು ಒಂದು ಸಣ್ಣ ಚಿತ್ರವನ್ನು. ಒಂದು ಲೋಟ, ಅದರ ಪಕ್ಕದಲ್ಲಿ ಒಂದು ಮುಳ್ಳುಚಮಚ. ಪ್ಲಾಸ್ಟಿಕ್ ಡಬ್ಬಿಗಳ ತಳದಲ್ಲಿ, ಕನ್ನಡಕ ಹಾಕಿದರೂ ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ಅದನ್ನು ಒತ್ತಿರುತ್ತಾರೆ. ಇದರಲ್ಲಿ ಊಟ ಇಡಬಹುದು, ಇದು ಅದಕ್ಕಾಗಿಯೇ ಮಾಡಿದ್ದು ಎಂದು ಅದರ ಅರ್ಥ. ಮುದ್ದೆ ನುಂಗುವ ನಮ್ಮ ಸೀಮೆಯಲ್ಲಿ ಮುಳ್ಳುಚಮಚಕ್ಕೆ ಕೆಲಸವಿಲ್ಲ. ನಮ್ಮ ಮನೆಯಲ್ಲಂತೂ ಒಂದೇ ಒಂದು ಇದೆ, ಅದರಲ್ಲಿ ಸುಜಾತ ತುಳಸಿ ಕುಂಡದ ಮಣ್ಣು ಕೆದಕುತ್ತಾಳೆ. ಆದರೂ ಆ ಚಿತ್ರ ಕಂಡರೆ ನನಗೆ ಒಂದು ಸಮಾಧಾನ. ಎಲ್ಲೋ ಯಾರೋ, ನನ್ನ ಮುಖ ನೋಡದವರು, ನನ್ನ ಹೊಟ್ಟೆಯ ಬಗ್ಗೆ ಒಂದು ಗಳಿಗೆ ಯೋಚಿಸಿದ್ದಾರಲ್ಲ ಎನ್ನಿಸುತ್ತದೆ.

ಹಾಗೆಂದು ನಾನು ವಿಜ್ಞಾನಿಯಲ್ಲ. ಚಿಕ್ಕಬಳ್ಳಾಪುರದ ಒಂದು ಬ್ಯಾಂಕಿನಲ್ಲಿ ಕೂತು, ಜನ ತುಂಬಿ ತಂದ ಚಲನ್‌ಗಳಲ್ಲಿ ತಪ್ಪು ಹುಡುಕುವವನು. ಕೆಲವು ವರ್ಷಗಳ ಹಿಂದಿನವರೆಗೆ ಬೋಂಡವನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು, ಎಣ್ಣೆ ಹೀರಿದ ಆ ಪೇಪರನ್ನು ಓದಿ ಮುಗಿಸಿಯೇ ಎಸೆಯುತ್ತಿದ್ದ ಮನುಷ್ಯ. ನನ್ನ ಲೋಕಜ್ಞಾನದ ಅರ್ಧ ಭಾಗ ಹಾಗೆ ಬಂದದ್ದು. ಮಂತ್ರಿಗಳ ಮುಖ ಮೆಣಸಿನಕಾಯಿ ಬಜ್ಜಿಯ ಮೇಲೆ ತಿರುಗುಮುರುಗಾಗಿ ಅಚ್ಚೊತ್ತಿದ್ದನ್ನು ನೋಡಿದ್ದೇನೆ, ತಿಂದೂ ಇದ್ದೇನೆ. ಪೇಪರಿನ ಶಾಯಿ ಹೊಟ್ಟೆಗೆ ಹೋಗಬಾರದು, ಅದರಲ್ಲಿ ತಿಂಡಿ ಕಟ್ಟಬೇಡಿ ಎಂದು ಸರ್ಕಾರದವರು ಹೇಳಲು ತೊಡಗಿದಾಗ ನನಗೆ ರೇಗಿತ್ತು. ಇವರಿಗೆ ಬೇರೆ ಕೆಲಸವಿಲ್ಲ, ಈಗ ನಮ್ಮ ಬೋಂಡಕ್ಕೂ ಕೈ ಹಾಕಿದರು ಎಂದು ಬ್ಯಾಂಕಿನಲ್ಲಿ ಭಾಷಣ ಮಾಡಿದ್ದೆ. ಅರ್ಧಕ್ಕೆ ನಿಂತ ಸುದ್ದಿಯ ಉಳಿದ ಭಾಗಕ್ಕಾಗಿ ಇನ್ನೊಂದು ಬೋಂಡ ಕೊಳ್ಳುವ ಸುಖ ಇವರಿಗೇನು ಗೊತ್ತು ಎಂದೂ ಸೇರಿಸಿದ್ದೆ.

ಯೋಚಿಸಿ ನೋಡಿದರೆ ಇಂಥ ಕಾನೂನು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ. ಅದನ್ನು ನಡೆಸುತ್ತಿದ್ದವಳು ಅಮ್ಮ. ಹುಣಸೆಹಣ್ಣಿನ ಸಾರನ್ನು ಸಿಲ್ವಾರದ, ಎಂದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ಹೊತ್ತೂ ಇರಗೊಡುತ್ತಿರಲಿಲ್ಲ. ಒಲೆಯಿಂದ ಇಳಿಸಿದ್ದೇ ಮಣ್ಣಿನ ಕುಡಿಕೆಗೆ ಬಗ್ಗಿಸಬೇಕು. ಯಾಕಮ್ಮ ಎಂದು ಕೇಳಿದರೆ, "ಹುಳಿ ಪಾತ್ರೇನ ತಿನ್ನುತ್ತೆ, ನೀನು ಹುಳೀನ ತಿಂತೀಯ, ಇನ್ನೇನು ಕೇಳ್ತೀಯ?" ಎನ್ನುತ್ತಿದ್ದಳು. ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಬರೆದ ಸರ್ಕಾರಿ ಸುತ್ತೋಲೆಯನ್ನು ನಾನು ಇವತ್ತಿಗೂ ಕಂಡಿಲ್ಲ. ಉಪ್ಪಿನಕಾಯಿಗೆ ಜಾಡಿ, ಮೊಸರಿಗೆ ಮಡಕೆ, ರಾಗಿಹಿಟ್ಟಿಗೆ ತಗಡಿನ ಡಬ್ಬ. ಸೀಮೆಎಣ್ಣೆ ತಂದ ಡಬ್ಬವನ್ನು ಎಷ್ಟು ತೊಳೆದರೂ ಅಡುಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. ನಮಗೆ ಹೊಟ್ಟೆನೋವು ಬಾರದೆ ಇದ್ದುದು ಅಮ್ಮನ ಕೆಲಸ ಎಂದು ನಮಗೆ ಹೊಳೆಯಲೇ ಇಲ್ಲ. ಬಂದ ಹೊಟ್ಟೆನೋವನ್ನು ವಾಸಿ ಮಾಡಿದ ಡಾಕ್ಟರಿಗೆ ಕೈಮುಗಿಯುತ್ತಿದ್ದೆವು. ಬಾರದ ಹೊಟ್ಟೆನೋವಿಗೆ ಯಾರಿಗೆ ಕೈಮುಗಿಯುವುದು?

ಆದರೆ ಮುಟ್ಟುವ ಕಾನೂನು ಇನ್ನೊಂದೂ ಇತ್ತು. ಅದು ಮನೆಯ ಹೊರಗೆ ಇತ್ತು, ಅದನ್ನು ಮಾಡಿದವರು ನಾವಲ್ಲ. ನಮ್ಮಪ್ಪ ಹುಡುಗನಾಗಿದ್ದಾಗ ನಮ್ಮ ಕಡೆಯ ಹೋಟೆಲುಗಳಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ. ಅದು ಒಳಗೆ ಇರುವಂತಿಲ್ಲ. ಹೊರಗೆ ಸೂರಿನ ಕೆಳಗಿನ ಕಟ್ಟೆಯ ಮೇಲೆ, ಮಳೆ ಧೂಳು ಎರಡಕ್ಕೂ ಬಾಯಿ ತೆರೆದು ಕೂತಿರುತ್ತಿತ್ತು. ತಾವೇ ಎತ್ತಿಕೊಳ್ಳಬೇಕು, ಮೇಲಿನಿಂದ ಸುರಿದ ಟೀ ಕುಡಿಯಬೇಕು, ತಾವೇ ತೊಳೆದು ಅಲ್ಲೇ ಇಡಬೇಕು. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದ. "ಲೋಟದ ಒಳಗಡೆ ಎಲ್ಲಾ ತುಕ್ಕು ಕಣಪ್ಪ. ಒಂದಿನ ಒಳಗೆ ಹಲ್ಲಿ ಸಂಸಾರ ಮಾಡ್ತಿತ್ತು. ಎಬ್ಬಿಸಿ ಕಳಿಸಿ ಟೀ ಕುಡ್ದೆ" ಎನ್ನುತ್ತಿದ್ದ. ನಾವೂ ನಗುತ್ತಿದ್ದೆವು. ಆ ನಗುವಿನ ಒಳಗೆ ಏನಿತ್ತು ಎಂದು ತಿಳಿಯಲು ನನಗೆ ಮೀಸೆ ಬರಬೇಕಾಯಿತು. ಆ ಕಾನೂನಿಗೆ ಲೋಟವನ್ನು ಯಾರು ಮುಟ್ಟಿದರು ಎಂಬುದರ ಮೇಲೆ ಕಣ್ಣು. ಟೀಯನ್ನು ಯಾವ ಲೋಹ ಮುಟ್ಟಿತು, ಅದರಿಂದ ಕುಡಿದವನಿಗೆ ಏನಾಯಿತು ಎಂಬುದು ಅದಕ್ಕೆ ಬೇಕಿರಲಿಲ್ಲ. ಮುಂದೆ ನಮ್ಮಪ್ಪ ಬುದ್ಧನ ಫೋಟೊವನ್ನು ಮನೆಗೆ ತಂದು ಗೋಡೆಗೆ ಹಾಕಿದ, ನಮ್ಮನ್ನು ಓದಿಸಿದ, ಮನೆಗೆ ಬೇಕಾದ ಸ್ಟೀಲ್ ಪಾತ್ರೆ ಕೊಂಡು ಪ್ರತಿಯೊಂದರ ಮೇಲೂ ತನ್ನ ಹೆಸರನ್ನು ಕೆತ್ತಿಸಿದ. ಲೋಟದ ಮೇಲಂತೂ ಸ್ವಲ್ಪ ದಪ್ಪಕ್ಷರದಲ್ಲೇ ಕೆತ್ತಿಸಿದ.

ಈಗ ನಮ್ಮಕ್ಕನ ವಿಷಯಕ್ಕೆ ಬರುತ್ತೇನೆ. ನನ್ನ ಅಭ್ಯಾಸ ಶುರುವಾದದ್ದು ಅವಳ ಅಡುಗೆಮನೆಯಿಂದಲೇ.

ರತ್ನಕ್ಕ ಗೌರಿಬಿದನೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲ್ ನಡೆಸುತ್ತಾಳೆ. ಭಾವ ಹಿಟ್ಟು ರುಬ್ಬುವುದು, ಕಾಫಿ ಹಾಕುವುದು, ಅವಳು ಉಳಿದದ್ದೆಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು ಅವಳ ಇಡ್ಲಿಯನ್ನು ನಂಬಿಕೊಂಡೇ ಮನೆ ಬಿಡುತ್ತಾರೆ. ಬುದ್ಧನ ಫೋಟೊ ಗಲ್ಲಾದ ಮೇಲೇ ಇದೆ. ನಾವು ಯಾರೆಂದು ಊರಿಗೆಲ್ಲ ಗೊತ್ತು. ಬರುವವರು ಬರುತ್ತಾರೆ, ಕೆಲವರು ಎದುರಿನ ಫುಟ್‌ಪಾತಿನಲ್ಲೇ ನಡೆದು ಹೋಗುತ್ತಾರೆ. ಅದಕ್ಕೆ ಅಕ್ಕ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅವಳ ಹೋಟೆಲಿನ ನೆಲ, ಮೇಜು, ಚೊಂಬು, ಕೊನೆಗೆ ಭಾವನ ಉಗುರು ಕೂಡ ದಿನಾ ಪರೀಕ್ಷೆಗೆ ಕೂರುತ್ತವೆ. ಬೇರೆ ಹೋಟೆಲಿನಲ್ಲಿ ಒಂದು ಕೂದಲು ಸಿಕ್ಕಿದರೆ ಜನ ಅದನ್ನು ಕೂದಲು ಎನ್ನುತ್ತಾರೆ, ನಮ್ಮಲ್ಲಿ ಸಿಕ್ಕಿದರೆ ಇನ್ನೇನೋ ಎನ್ನುತ್ತಾರೆ ಎಂಬುದು ಅವಳ ಲೆಕ್ಕ. ಆ ಲೆಕ್ಕ ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ.

ಮೊದಲು ಅವಳು ಎಲ್ಲರಂತೆ ಇಡ್ಲಿ ತಟ್ಟೆಯ ಗುಳಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುತ್ತಿದ್ದಳು. ಬೆಂದ ಮೇಲೆ ತಟ್ಟೆ ಮಗುಚಿ, ನೀರು ಚಿಮುಕಿಸಿ, ಬಟ್ಟೆಯನ್ನು ಮೆಲ್ಲಗೆ ಸುಲಿದರೆ ಇಡ್ಲಿ ಬಿಡುತ್ತಿತ್ತು. ತೊಳೆದ ಬಟ್ಟೆಯನ್ನು ಹಿಂದಿನ ಅಂಗಳದಲ್ಲಿ ತಂತಿಗೆ ಒಣಹಾಕುತ್ತಿದ್ದಳು. ಒಂದು ಬೆಳಿಗ್ಗೆ, ಹೋಟೆಲಿಗೆ ಹೊಸಬರಾದ ಒಬ್ಬ ಹಿರಿಯರು ಕೈತೊಳೆಯಲು ಹಿಂದಕ್ಕೆ ಹೋದವರು ಆ ತಂತಿಯ ಮುಂದೆ ನಿಂತರು. "ಇಡ್ಲಿಗೆ ಹಾಕೋದು ಇದೇನಮ್ಮ? ಯಾರ ಮನೇದು ಈ ಬಟ್ಟೆ?" ಎಂದು ನಗುನಗುತ್ತಲೇ ಕೇಳಿದರು. ನಮ್ಮದೇ ಎಂದಳು ಅಕ್ಕ. ಅವರು ಇನ್ನೇನೂ ಅನ್ನಲಿಲ್ಲ. ಒಳಗೆ ಬಂದು, ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು, ದುಡ್ಡು ಕೊಟ್ಟು ಎದ್ದುಹೋದರು. ಜಗಳ ಆಡಲು ಒಂದು ಮಾತಾದರೂ ಬಿಟ್ಟುಹೋಗಿದ್ದರೆ ಅಕ್ಕ ಆಡುತ್ತಿದ್ದಳು. ಬಿಟ್ಟುಹೋದದ್ದು ಬರೀ ಇಡ್ಲಿ.

ಮಾರನೆಯ ದಿನವೇ ಅವಳು ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ ತರಿಸಿದಳು. ಪ್ರತಿ ಒಬ್ಬೆಗೂ ಹೊಸ ಹಾಳೆ. ನಾನು ಭಾನುವಾರ ಹೋದಾಗ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು: "ನೋಡೋ ಆನಂದ, ಫ್ಯಾಕ್ಟ್ರಿಯಿಂದ ಸೀದಾ ಬಂದೈತೆ. ಯಾರ ಕೈನೂ ತಾಗಿಲ್ಲ. ಈಗ ಯಾವನಾದ್ರೂ ಕೇಳ್ಲಿ." ಇಡ್ಲಿಗಳು ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ನಾನೂ ಭೇಷ್ ಎಂದೆ. ಆ ಹಾಳೆ ಎದ್ದುಹೋದ ಮನುಷ್ಯನಿಗೆ ಅವಳು ಕೊಟ್ಟ ಉತ್ತರವಾಗಿತ್ತು. ಎಷ್ಟೋ ವರ್ಷ ಆ ಉತ್ತರವನ್ನೇ ಬೇಯಿಸಿ ಬೇಯಿಸಿ ಬಡಿಸಿದಳು.

ಆಮೇಲೆ ಬಂತು ನೋಡಿ ಹೊಸ ಮಾತು. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕಬಾರದು. ಬಿಸಿಗೆ ಅದರಿಂದ ಬೇಡದ್ದೆಲ್ಲ ಹಿಟ್ಟಿಗೆ ಇಳಿಯುತ್ತದೆ. ಪೇಪರಿನಲ್ಲಿ, ಟೀವಿಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಇದೇ. ಒಂದು ದಿನ ಜಿಲ್ಲೆಯಿಂದ ಆಹಾರ ಸುರಕ್ಷತೆಯ ಅಧಿಕಾರಿಯೊಬ್ಬರು ಸ್ಕೂಟರಿನಲ್ಲಿ ಬಂದು ಅಕ್ಕನ ಹೋಟೆಲಿಗೂ ಕಾಲಿಟ್ಟರು. ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮಾತು ಮೆತ್ತಗೆ. ಪ್ಲಾಸ್ಟಿಕ್ ಸುರುಳಿಯನ್ನು ಕೈಗೆತ್ತಿಕೊಂಡು, "ಇದನ್ನ ಬಿಡ್ಬೇಕು ಅಮ್ಮ. ಮುಂದಿನ ಸಲ ನಾನು ಬರೋಷ್ಟರಲ್ಲಿ ಬಟ್ಟೆಗೆ ಬದಲಾಯಿಸ್ಕೊಳ್ಳಿ" ಎಂದರು.

"ಬಟ್ಟೆ ಹಾಕಿದ್ರೆ ಜನ ಕೇಳ್ತಾರೆ ಕಣಮ್ಮ" ಎಂದಳು ಅಕ್ಕ.

ಏನು ಕೇಳುತ್ತಾರೆ ಎಂದು ಅವಳೂ ಹೇಳಲಿಲ್ಲ, ಆ ಹುಡುಗಿಯೂ ಕೇಳಲಿಲ್ಲ. "ಕೇಳಿದ್ರೆ ಸರ್ಕಾರದ ರೂಲು ಅಂತ ಹೇಳಿ" ಎಂದು ನಕ್ಕು ಹೊರಟರು. ಅಕ್ಕ ನನಗೆ ಫೋನ್ ಮಾಡಿದಾಗ ಅವಳ ದನಿ ಎಂದಿನಂತಿರಲಿಲ್ಲ. "ಊರ್ ತುಂಬಾ ಹೋಟ್ಲು ಅವೆ, ನಮ್ಮಂಗ್ಡೀಗೇ ಯಾಕೋ ಬರ್ಬೇಕು? ಯಾರೋ ಹೇಳ್ಕೊಟ್ಟವ್ರೆ ಕಣೋ" ಎಂದಳು. ಅಧಿಕಾರಿ ಆ ರಸ್ತೆಯ ಪ್ರತಿ ಹೋಟೆಲಿಗೂ ಹೋಗಿ ಇದೇ ಮಾತನ್ನು ಹೇಳಿದ್ದಾರೆಂದು ಭಾವ ವಿಚಾರಿಸಿಕೊಂಡು ಬಂದು ಹೇಳುವವರೆಗೂ ಅವಳಿಗೆ ನೀರು ಇಳಿಯಲಿಲ್ಲ. ಇಳಿದ ಮೇಲೂ ಮನಸ್ಸು ಗಟ್ಟಿಯಾಗಲಿಲ್ಲ. "ಇಡ್ಲೀನೇ ನಿಲ್ಲಿಸ್ಬಿಡ್ತೀನಿ. ಚಿತ್ರಾನ್ನ, ಉಪ್ಪಿಟ್ಟು ಮಾಡ್ಕೊಂಡಿರ್ತೀನಿ. ಆ ತಂತಿ ಮೇಲೆ ಮತ್ತೆ ಬಟ್ಟೆ ಹಾಕಲ್ಲ" ಎಂದುಬಿಟ್ಟಳು. ಬೆಳಗಿನ ರೈಲನ್ನು ನಂಬಿದ ಹೋಟೆಲಿನಲ್ಲಿ ಇಡ್ಲಿ ನಿಲ್ಲಿಸುವುದೂ ಬಾಗಿಲು ಹಾಕುವುದೂ ಒಂದೇ. ಅದು ಅವಳಿಗೂ ಗೊತ್ತಿತ್ತು.

ನಾನು ಬ್ಯಾಂಕಿನಲ್ಲಿ ಈ ಸಮಸ್ಯೆಯನ್ನು ಸಭೆಯ ಮುಂದಿಟ್ಟೆ. ನಮ್ಮ ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಬೀಳಲು ದಿನಗಳು ಬೇಕು, ಸಲಹೆಗೆ ಅಷ್ಟು ಹೊತ್ತು ಬೇಡ. ಶಿಡ್ಲಘಟ್ಟದವರೊಬ್ಬರು, ರೇಷ್ಮೆ ಬಟ್ಟೆ ಹಾಕಿ, ಅದಕ್ಕೆ ಏನೂ ಅಂಟುವುದಿಲ್ಲ ಎಂದರು. ಅವರ ಊರಿನಲ್ಲಿ ಎಲ್ಲ ಕಷ್ಟಕ್ಕೂ ರೇಷ್ಮೆಯೇ ಪರಿಹಾರ. ಚಿಂತಾಮಣಿಯವರು, ಬಟ್ಟೆಯೇ ಬೇಡ, ಗುಳಿಗೆ ಕಡಲೆಕಾಯಿ ಎಣ್ಣೆ ಸವರಿ ಎಂದರು. ಅವರ ಮನೆಯಲ್ಲಿ ಐದಾರು ಜನಕ್ಕೆ ಇಡ್ಲಿ ಬೇಯುತ್ತದೆ. ರೈಲು ಹಿಡಿಯುವ ಜನ ನಿಂತು ಕಾಯುವಾಗ ಒಂದೊಂದು ಗುಳಿಯನ್ನೂ ಚಮಚದಲ್ಲಿ ಎಬ್ಬಿಸುತ್ತ ಕೂರುವುದು ಹೇಗೆ? ಇನ್ನೊಬ್ಬರು ಮುತ್ತುಗದ ಎಲೆ ಎಂದರು. ಎಲ್ಲವನ್ನೂ ಕೇಳಿ, ಕೊನೆಗೆ ನಾನು ನನ್ನದೇ ತೀರ್ಮಾನಕ್ಕೆ ಬಂದೆ. ಸಭೆ ಕರೆಯುವವರು ಸಾಮಾನ್ಯವಾಗಿ ಮಾಡುವುದೂ ಅದನ್ನೇ.

ನನ್ನ ತೀರ್ಮಾನ ಪಂಚೆ. ಒಗೆದೊಗೆದು ಮೆತ್ತಗಾದ ಹತ್ತಿಯ ಪಂಚೆಗಿಂತ ಇಡ್ಲಿಗೆ ಒಳ್ಳೆಯ ಹಾಸಿಗೆ ಯಾವುದು? ನನ್ನ ಪಂಚೆಗಳ ಬಗ್ಗೆ ನನಗೆ ಸ್ವಲ್ಪ ಜಂಬವಿದೆ ಎಂದು ಇಲ್ಲಿ ಹೇಳಿಬಿಡಬೇಕು. ಭಾನುವಾರ ನಾನು ಬಿಳಿ ಪಂಚೆ ಉಟ್ಟು ಹೊರಟರೆ ಎದುರು ಮನೆಯವರು ಕಣ್ಣು ಮುಚ್ಚಿಕೊಳ್ಳಬೇಕು, ಹಾಗೆ ಇಟ್ಟುಕೊಂಡಿದ್ದೇನೆ. ಅವುಗಳನ್ನು ಯಾರಿಗೂ ಒಗೆಯಲು ಕೊಡುವುದಿಲ್ಲ. ಕೊನೆಯ ನೀರಿಗೆ ನೀಲಿ ಬೆರೆಸಿ ಅದ್ದುವುದು ನಾನೇ. ಆ ಶನಿವಾರ ನನ್ನ ಹಳೆಯ ಪಂಚೆಗಳಲ್ಲಿ ಒಳ್ಳೆಯವನ್ನು ಆರಿಸಿ, ಅಕ್ಕನ ಹೋಟೆಲಿಗೆ ಹೋಗುವುದಲ್ಲವೇ ಎಂದು ಇನ್ನೊಮ್ಮೆ ಒಗೆದು, ನೀಲಿಯನ್ನು ಒಂದು ಕೈ ಮುಂದಾಗಿಯೇ ಹಾಕಿದೆ. ಒಣಗಿದ ಮೇಲೆ ಇಸ್ತ್ರಿಯನ್ನೂ ಮಾಡಿದೆ. ಇಡ್ಲಿ ಬಟ್ಟೆಗೆ ಇಸ್ತ್ರಿ ಮಾಡಿದ ಇತಿಹಾಸ ಬೇರೆಲ್ಲೂ ಇರಲಾರದು. ಭಾನುವಾರ ಮೊದಲ ಬಸ್ಸಿಗೆ, ಮಂಚೇನಹಳ್ಳಿಯ ಮೇಲೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅಕ್ಕನಿಗೆ ಒಪ್ಪಿಸಲು ಸಾಕುಸಾಕಾಯಿತು. "ಒಂದೇ ಒಂದು ಒಬ್ಬೆ ಅಕ್ಕ. ಸರಿ ಬರ್ಲಿಲ್ಲಾಂದ್ರೆ ನಾನೇ ಮಾತಾಡಲ್ಲ" ಎಂದೆ. ನನ್ನ ಬಾಯಿ ಮುಚ್ಚುವ ಆಸೆಗಾದರೂ ಅವಳು ಒಪ್ಪಿದಳು.

ಮೊದಲ ಒಬ್ಬೆ ಬೆಂದಿತು. ಅಕ್ಕ ತಟ್ಟೆ ಮಗುಚಿ, ನೀರು ಚಿಮುಕಿಸಿ, ಬಟ್ಟೆ ಸುಲಿದಳು. ಇಡ್ಲಿ ಒಂದೂ ಅಂಟಲಿಲ್ಲ. ಎಲ್ಲವೂ ಗುಂಡಗೆ, ಮೆತ್ತಗೆ, ತಿಳಿ ನೀಲಿಯಾಗಿ ಬಂದವು.

ಮೊದಲು ನಾನು ಬೆಳಗಿನ ಬೆಳಕು ಇರಬಹುದು ಎಂದೆ. ಅಕ್ಕ ಒಂದನ್ನು ಬಾಗಿಲ ಬಳಿಗೆ ಒಯ್ದು ನೋಡಿದಳು. ಬೆಳಕಿನಲ್ಲಿ ಇನ್ನೂ ನೀಲಿಯಾಗಿ ಕಂಡಿತು, ಸೋಪಿನ ಘಮವೂ ಬಂತು. ಅಷ್ಟರಲ್ಲಿ ದಿನಾ ಬರುವ ಆಟೋದವರೊಬ್ಬರು ಇಣುಕಿ, "ಏನಕ್ಕ, ಇವತ್ತು ಕೃಷ್ಣ ಜಯಂತಿನಾ?" ಎಂದರು. ಭಾವ ಹಿಂದೂಪುರದ ಕಡೆಯವರು, ನನ್ನನ್ನು ತೆಲುಗಿನಲ್ಲೇ ಬಾಮ್ಮರ್ದಿ, ಅಂದರೆ ಭಾವಮೈದ, ಎಂದು ಕರೆಯುತ್ತಾರೆ. ಕಾಫಿ ಬಗ್ಗಿಸುತ್ತಿದ್ದವರು ಲೋಟ ಕೆಳಗಿಟ್ಟು ಬಂದು ನೋಡಿ, "ಏಂ ಬಾಮ್ಮರ್ದಿ, ಇಡ್ಲೀಗೂ ನಮ್ಮ ಬಾವುಟದ ಬಣ್ಣ ಹೊಡೆಸ್ಬಿಟ್ಯಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲಿ ನಮ್ಮ ಮೆರವಣಿಗೆಗಳ ಬಣ್ಣ, ನಮಗೆ ಹೆಮ್ಮೆಯ ಬಣ್ಣ; ಆದರೆ ತಟ್ಟೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಕ್ಕ ಮಾತ್ರ ನಗಲಿಲ್ಲ. ಇಡ್ಲಿಯನ್ನೆಲ್ಲ ಚೆಲ್ಲಿ, ಅವತ್ತು ಬಂದವರಿಗೆಲ್ಲ ಉಪ್ಪಿಟ್ಟು ಕೊಟ್ಟು ಕಳಿಸಿದಳು. ಜನ ಹೋದ ಮೇಲೆ ಹಿಂದಿನ ಅಂಗಳದಲ್ಲಿ ಮೆಟ್ಟಿಲ ಮೇಲೆ ಕೂತು, "ಇಷ್ಟು ಬೆಳ್ಳಗೆ ಯಾಕೋ ಮಾಡ್ಕೊಂಡು ಬಂದೆ? ಯಾರಿಗೆ ತೋರ್ಸೋಕೆ?" ಎಂದಳು.

ಯಾರಿಗೆ ತೋರಿಸಲು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳ ಪ್ಲಾಸ್ಟಿಕ್ ಹಾಳೆ, ನನ್ನ ನೀಲಿ, ಎರಡೂ ಅದೇ ಒಬ್ಬ ಮನುಷ್ಯನಿಗಾಗಿ, ತಟ್ಟೆ ಬಿಟ್ಟು ಎದ್ದುಹೋದವನಿಗಾಗಿ. ಅವನು ಮತ್ತೆ ಬರಲೇ ಇಲ್ಲ. ನಾವು ಮಾತ್ರ ಅವನಿಗೆ ನಮ್ಮ ಬಿಳುಪನ್ನು ತೋರಿಸುತ್ತಲೇ ಇದ್ದೆವು. ತೋರಿಕೆಯ ಭರದಲ್ಲಿ, ದಿನಾ ನಂಬಿಕೊಂಡು ಬಂದು ತಿನ್ನುವವರ ಹೊಟ್ಟೆಗೆ ಏನು ಇಳಿಯುತ್ತಿದೆ ಎಂದು ನೋಡುವುದನ್ನು ಮರೆತಿದ್ದೆವು. ನಮಗೆ ಅದನ್ನು ನೆನಪಿಸಲು ಒಂದು ಕಾನೂನು ಬರಬೇಕಾಯಿತು. ಬೋಂಡದ ಪೇಪರಿಗಾಗಿ ನಾನು ಮಾಡಿದ ಭಾಷಣವನ್ನು ಆ ಮೆಟ್ಟಿಲ ಮೇಲೆ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಅಕ್ಕ ಅವತ್ತು ಮಧ್ಯಾಹ್ನವೇ ಪೇಟೆಗೆ ಹೋಗಿ ಕೋರಾ ಬಟ್ಟೆ ತಂದಳು. ಬಣ್ಣ ಇಲ್ಲ, ಬಿಳುಪು ಮಾಡಿಲ್ಲ, ಮಗ್ಗದಿಂದ ಇಳಿದಾಗ ಹೇಗಿತ್ತೋ ಹಾಗೆ, ಗೋಧಿಯ ಬಣ್ಣದ ಬಟ್ಟೆ. ಅದರ ಗಂಜಿ ಬಿಡುವವರೆಗೂ ಬರೀ ನೀರಿನಲ್ಲಿ ಕುದಿಸಿದಳು, ನೀರು ಚೆಲ್ಲಿ ಮತ್ತೆ ಕುದಿಸಿದಳು. ಮೊದಮೊದಲು ಇಡ್ಲಿ ಚೂರುಚೂರು ಅಂಟಿಕೊಳ್ಳುತ್ತಿತ್ತು. ಹಿಟ್ಟಿನ ಹದ ಸ್ವಲ್ಪ ಬದಲಾಯಿಸಿದಳು, ಬಟ್ಟೆಯೂ ದಿನ ಕಳೆದಂತೆ ಪಳಗಿತು. ರೈಲಿನ ಜನ ಒಂದೆರಡು ದಿನ ಗೊಣಗಿದರು, ಆಮೇಲೆ ಬಟ್ಟೆಯ ಇಡ್ಲಿಯೇ ಮೆತ್ತಗೆ ಎಂದು ತಮ್ಮಷ್ಟಕ್ಕೆ ತಾವೇ ತೀರ್ಪು ಕೊಟ್ಟುಕೊಂಡರು. ತಂತಿಯನ್ನು ಮಾತ್ರ ಅಕ್ಕ ಅಂಗಳದಿಂದ ಬಿಚ್ಚಿ, ಯಾರಿಗೂ ಕಾಣದ ಹಾಗೆ ಮಾಳಿಗೆಯ ಮೇಲೆ ಕಟ್ಟಿಸಿದಳು.

ಅಧಿಕಾರಿ ಎರಡನೆಯ ಸಲ ಬಂದಾಗ ನಾನೂ ಅಲ್ಲಿದ್ದೆ. ಆ ಹುಡುಗಿ ನೇರವಾಗಿ, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿ ಮಾಳಿಗೆ ಹತ್ತಿದರು. ಅಕ್ಕನ ಮುಖ ಬಿಗಿಯಾಯಿತು. ಅವಳೂ ನಾನೂ ಹಿಂದೆ ಹತ್ತಿದೆವು. ಅವರು ಒಂದು ಬಟ್ಟೆಯನ್ನು ತಂತಿಯಿಂದ ತೆಗೆದು, ಬಿಸಿಲಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತಂದು ಮೂಸಿದರು.

"ಇದನ್ನ ಯಾವುದ್ರಲ್ಲಿ ತೊಳೀತೀರಮ್ಮ?"

"ಬಿಸಿನೀರಲ್ಲಿ ಕುದಿಸ್ತೀನಿ."

"ಸೋಪು?"

"ಇಲ್ಲಮ್ಮ. ಸೋಪೂ ಇಲ್ಲ, ನೀಲಿ ಗೀಲೀನೂ ಇಲ್ಲ" ಎಂದು ಅಕ್ಕ, ಅವರು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟು ನನ್ನ ಕಡೆ ನೋಡಿದಳು.

ಒಣಗಿದ ಮೇಲೆ ಮುಚ್ಚಿಡುತ್ತೀರಾ, ಹರಿದದ್ದನ್ನು ಏನು ಮಾಡುತ್ತೀರಿ, ಬಿಸಿ ಸಾಂಬಾರನ್ನು ಕವರಿಗೆ ಹಾಕಿ ಕೊಡುತ್ತೀರಾ, ಹೀಗೆ ಕೇಳಿದ್ದೇ ಕೇಳಿದ್ದು. ಮೆಟ್ಟಿಲಿಳಿದು ಬಂದು ಕೈತೊಳೆದು, ಕೆಲಸ ಮುಗೀತು, ಇನ್ನು ನಾನೂ ಗಿರಾಕಿ ಎಂದು ಹೇಳಿ ಮೇಜಿನ ಮುಂದೆ ಕೂತು, ದುಡ್ಡು ಕೊಟ್ಟೇ ಇಡ್ಲಿ ತಿಂದು ಹೋದರು. ಅವರು ಹೋದ ಮೇಲೆ ಅಕ್ಕ ಆ ಖಾಲಿ ತಟ್ಟೆಯನ್ನು ಎತ್ತದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಇಷ್ಟೆಲ್ಲ ಪ್ರಶ್ನೆಗಳಲ್ಲಿ, ನಾವು ಇಬ್ಬರೂ ಕಾಯುತ್ತಿದ್ದ ಒಂದು ಪ್ರಶ್ನೆ, ಯಾರ ಮನೇದು ಈ ಬಟ್ಟೆ ಎಂಬುದು, ಬರಲಿಲ್ಲ. ಬಟ್ಟೆ ಏನು, ಹೇಗೆ ತೊಳೆದದ್ದು, ತಿನ್ನುವವರಿಗೆ ಅದರಿಂದ ಕೆಡುಕಾಗುತ್ತದೆಯೇ, ಅವರಿಗೆ ಬೇಕಾದದ್ದು ಇಷ್ಟೇ. ನಮ್ಮಪ್ಪನ ಕಾಲದ ಆ ಕಾನೂನಿಗೂ ಈ ಹುಡುಗಿ ಕೈಯಲ್ಲಿ ಹಿಡಿದು ಬಂದ ಕಾನೂನಿಗೂ ನಡುವೆ ಎಷ್ಟು ದೂರ ಎಂದು ನನಗೆ ಆಗ ತಿಳಿಯಿತು. ಹಳೆಯ ಪ್ರಶ್ನೆ ಸತ್ತುಹೋಗಿದೆ ಎಂದು ನಾನು ಹೇಳುವುದಿಲ್ಲ; ಎದುರಿನ ಫುಟ್‌ಪಾತಿನಲ್ಲಿ ಇವತ್ತಿಗೂ ಜನ ನಡೆಯುತ್ತಾರೆ. ಆದರೆ ಅನ್ನ ಮುಟ್ಟುವ ವಸ್ತುಗಳ ಬಗ್ಗೆ ಬರೆದ ಒಂದು ನಿಯಮದ ಪುಸ್ತಕವಿದೆ, ಅದರಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ ಎಂಬುದು ಎಷ್ಟು ದೊಡ್ಡ ನೆಮ್ಮದಿ! ಅದನ್ನು ಬರೆದವರಿಗೆ, ಕಣ್ಣು ಕಿರಿದು ಮಾಡಿ ಓದಬೇಕಾದ ಆ ಸಣ್ಣ ಚಿತ್ರ ಕೆತ್ತಿದವರಿಗೆ, ಬಿಸಿಲಿನಲ್ಲಿ ಸ್ಕೂಟರಿನ ಮೇಲೆ ಊರೂರು ತಿರುಗಿ ಬಟ್ಟೆ ಮೂಸುವವರಿಗೆ ನಾನು ಋಣಿ. ಡಬ್ಬಿಯ ತಳ ನೋಡುವ ನನ್ನ ಅಭ್ಯಾಸ ಅವತ್ತಿನಿಂದ ಶುರುವಾದದ್ದು. ಅನುಮಾನಕ್ಕೆ ನೋಡುತ್ತೇನೆಂದು ಸುಜಾತ ತಿಳಿದಿದ್ದಾಳೆ. ನಿಜವಾಗಿ ಅದು ನನ್ನ ನಮಸ್ಕಾರ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾರಾಯಣಮ್ಮನವರು ಬಿಡಲಿಲ್ಲ.

ನಾರಾಯಣಮ್ಮ ನಮ್ಮೂರಿನ ಪಕ್ಕದ ಹಳ್ಳಿಯವರು. ಜಮೀನು, ಬೋರ್‌ವೆಲ್, ದ್ರಾಕ್ಷಿ ತೋಟ ಇರುವ ಹಳೆಯ ಮನೆತನ. ನಮ್ಮಪ್ಪ ಅವರ ಹೊಲದಲ್ಲಿ ಕೂಲಿ ಮಾಡಿದವನು. ಊಟದ ಹೊತ್ತಿಗೆ ಅವರ ಮನೆಯ ಹಿತ್ತಿಲವರೆಗೆ ಮಾತ್ರ ಹೋದವನು. ಅವರಿಗೆ ಏನೋ ಪಹಣಿಯ ಕೆಲಸವಿತ್ತು, ತಾಲ್ಲೂಕು ಆಫೀಸಿಗೆ ಬಂದವರು ಹಸಿದು ಅಕ್ಕನ ಹೋಟೆಲಿಗೆ ಬಂದರು. ಬುದ್ಧನ ಫೋಟೊ ನೋಡಿದರು, ಅಕ್ಕನ ಮುಖ ನೋಡಿದರು. "ಮುನಿಯಪ್ಪನ ಮಗಳಲ್ವೇನಮ್ಮ ನೀನು? ಅದೇ ಮೂಗು" ಎಂದು ಹೇಳಿ ಕೂತರು. ಒಂದು ತಟ್ಟೆ ತಿಂದು ಇನ್ನೊಂದು ತರಿಸಿಕೊಂಡರು. ಕೈತೊಳೆದ ಮೇಲೂ ಹೋಗದೆ ಗಲ್ಲಾದ ಪಕ್ಕ ನಿಂತರು.

"ನಮ್ಮನೇಲೂ ಆ ಪ್ಲಾಸ್ಟಿಕ್ ಎಸೆದ್ಬಿಟ್ಟ ನನ್ಮಗ. ಬಟ್ಟೆ ಹಾಕಿದ್ರೆ ಬರೀ ಅಂಟ್ಕೊಳ್ತದೆ ಕಣಮ್ಮ, ಇಡ್ಲಿ ತಿನ್ನೋದೋ ಬಟ್ಟೆ ಕೆರೆಯೋದೋ ಗೊತ್ತಾಗಲ್ಲ. ನಿಂದು ಒಂದೆರಡು ಬಟ್ಟೆ ಕೊಡ್ತೀಯಾ?"

"ಕೋರಾ ಬಟ್ಟೆ ಅಮ್ಮ. ಅಂಗ್ಡೀಲಿ ಸಿಗುತ್ತೆ, ಎಲ್ಲೀಂತ ಹೇಳ್ತೀನಿ" ಎಂದಳು ಅಕ್ಕ.

"ಹೊಸದು ತಂದೆ, ಅದೇ ಅಂಟೋದು. ನಿಂದು ಪಳಗೈತೆ. ನೀನು ಹಾಕಿ ಬೇಯ್ಸಿರೋದೇ ಕೊಡು."

ನಾನು ಚಟ್ನಿಯ ತಟ್ಟೆ ಹಿಡಿದು ನಿಂತಿದ್ದವನು ಹಾಗೇ ನಿಂತೆ. ಅಕ್ಕ ಮಾಳಿಗೆಗೆ ಹೋಗಿ ಮೂರ್ನಾಲ್ಕು ಬಟ್ಟೆ ತಂದಳು. ಕಟ್ಟಿಕೊಡಲು ಅಭ್ಯಾಸಬಲದಿಂದ ಹಳೆಯ ಪೇಪರಿಗೆ ಕೈ ಹಾಕಿ, ತಟಕ್ಕನೆ ಹಿಂದಕ್ಕೆಳೆದುಕೊಂಡಳು. ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದು, ಒರೆಸಿ, ಬಟ್ಟೆಗಳನ್ನು ಮಡಿಸಿ ಇಟ್ಟು ಮುಚ್ಚಿದಳು. ಮುಚ್ಚಳದ ಮೇಲೆ ನಮ್ಮಪ್ಪನ ಹೆಸರಿತ್ತು.

"ಒಗೆಯೋವಾಗ ನೀಲಿ ಮಾತ್ರ ಹಾಕ್ಬೇಡಿ ಅಮ್ಮ" ಎಂದಳು.

ಮುಂದಿನ ಭಾನುವಾರ ನಾನು ಹೋದಾಗ ಡಬ್ಬಿ ವಾಪಸ್ ಬಂದಿತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಒಳಗೆ ನಾರಾಯಣಮ್ಮನವರ ಮನೆಯ ಇಡ್ಲಿಗಳಿದ್ದವು. ಅಕ್ಕ ನನಗೊಂದು ಕೊಟ್ಟು ತಾನೊಂದು ತೆಗೆದುಕೊಂಡಳು. ನಾನು ತಿನ್ನುವ ಮೊದಲು, ಅಭ್ಯಾಸ ಬಿಡಬೇಕಲ್ಲ, ಇಡ್ಲಿಯನ್ನು ತಿರುಗಿಸಿ ಅದರ ತಳ ನೋಡಿದೆ. ಲೋಟವೂ ಇರಲಿಲ್ಲ, ಮುಳ್ಳುಚಮಚವೂ ಇರಲಿಲ್ಲ. ಅವರ ಮನೆಯ ಇಡ್ಲಿಯ ಮೇಲೆ ನಮ್ಮ ಬಟ್ಟೆಯ ನೇಯ್ಗೆ, ಒಂದೊಂದು ಎಳೆಯೂ ಎಣಿಸುವ ಹಾಗೆ ಮೂಡಿತ್ತು.